ಛಾಯಾಚಿತ್ರ ಗ್ರಂಥಗಳು: ಸಂಗ್ರಹ ಮತ್ತು ಆಸ್ವಾದನೆ

ಗ್ರಂಥವೆಂದೊಡನೆ ಅಕ್ಷರಸಮೂಹವೇ ಮನಸ್ಸಿನಲ್ಲಿ ಮೂಡುವುದು ಸಹಜ. ಅಕ್ಷರದೊಡನೆ ಚಿತ್ರವೂ ಬಂದರೆ ಅದು ಅಲಂಕಾರವೆನಿಸುತ್ತದೆ; ಚಿತ್ರವೇ ಪ್ರಧಾನವಾಗಿ ಅಕ್ಷರ ಗೌಣವಾದರೆ ಆ ಪುಸ್ತಕ ಮಕ್ಕಳ ಪಾಲಿಗೆ ಸೇರಿಬಿಡುತ್ತದೆ. ವಿದ್ಯಾಸಂಸ್ಥೆಗಳ ಗ್ರಂಥಾಲಯಗಳಲ್ಲಿ ಈ ಭಾವನೆಯ ಫಲವನ್ನು ಪ್ರತ್ಯಕ್ಷವಾಗಿ ಕಾಣಬಹುದು. ಉದಾರಿಗಳಾದ ದಾನಿಗಳು ಪ್ರೀತಿಯಿಂದ ಕೊಟ್ಟ ಬೃಹದಾಕಾರದ ಛಾಯಾಚಿತ್ರ ಸಂಪುಟಗಳು ಗಾಜಿನ ಕಪಾಟಿನೊಳಗೆ ಬೀಗಮುದ್ರಿತವಾಗಿರುತ್ತವೆ. ತಪಾಸಣಾಧಿಕಾರಿಗಳೋ ಗಣ್ಯ ಅತಿಥಿಗಳೋ ಬಂದ ದಿನ ಮಾತ್ರ ಹೊರಬರುತ್ತವೆ. ಅವುಗಳನ್ನು ಪಾಠಪುಸ್ತಕದಷ್ಟೇ ಶ್ರದ್ಧೆಯಿಂದ ಓದಬೇಕಾದ ಗ್ರಂಥಗಳೆಂದು ಎಣಿಸುವವರು ವಿರಳ. ಛಾಯಾಚಿತ್ರವನ್ನೂ ಓದಬೇಕು, ಅದಕ್ಕೂ ಅಧ್ಯಯನಕ್ರಮವೊಂದುಂಟು ಎಂಬುದನ್ನು ನಿರೂಪಿಸಲು ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳಗಳ ಪರಿಸರಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು.

ಮೊದಲು ಈ ಗ್ರಂಥಪ್ರಕಾರದ ಹುಟ್ಟನ್ನು ಸಂಕ್ಷೇಪವಾಗಿ ನೋಡಬಹುದು. ಇಂಗ್ಲೆಂಡಿನ ಆ್ಯನಾ ಆಟ್ಕಿನ್ಸ್ ಎಂಬ ಮಹಿಳೆ ಕಡಲಪಾಚಿಗಳನ್ನು ಬೆಳಕಿನಿಂದಲೇ ನೀಲವರ್ಣದ ಕಾಗದದ ಮೇಲೆ ಮೂಡಿಸಿ 1843ರಿಂದ ಕಂತುಕಂತಾಗಿ ಹೊರತಂದಳು. ಅದರ ಮರುವರ್ಷ, 1844ರಲ್ಲಿ, ಟಾಲ್ಬಟ್ ಎಂಬ ವಿದ್ವಾಂಸನು ‘ನಿಸರ್ಗದ ಲೇಖನಿ’ ಎಂಬರ್ಥದ ಹೆಸರಿನ ತನ್ನ ಪುಸ್ತಕವನ್ನು ಬಿಡಿಬಿಡಿ ಭಾಗಗಳಲ್ಲಿ ಪ್ರಕಟಿಸತೊಡಗಿದನು. 1846ರಲ್ಲಿ ಅದು 24 ಚಿತ್ರಗಳೊಡನೆ ನಿಂತಿತು. ಇವುಗಳಲ್ಲಿ ಚಿತ್ರಗಳನ್ನು ಅಚ್ಚೊತ್ತುತ್ತಿರಲಿಲ್ಲ. ಒಂದೊಂದು ಪ್ರತಿಗೂ ಒಂದೊಂದು ಛಾಯಾಚಿತ್ರವನ್ನು ಬೇರೆಯಾಗಿ ಸಿದ್ಧಪಡಿಸಿ ಸೇರಿಸುತ್ತಿದ್ದರು.

ಕನ್ನಡನಾಡು ಈ ಪ್ರಕಾರಕ್ಕೆ ಬಹುಬೇಗ ವಸ್ತುವಾಯಿತೆಂಬುದು ಸಂತೋಷದ ಸಂಗತಿ. ಮುಂಬಯಿ ಸರ್ಕಾರವು 1855ರಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಪ್ರಾಚೀನ ಕಟ್ಟಡಗಳ ಛಾಯಾಗ್ರಹಣಕ್ಕಾಗಿ ನೇಮಿಸಿತು. ಅವನ ಬಳಿಕ ವೈದ್ಯನಾಗಿದ್ದ ಪಿಗೌ ಆ ಕೆಲಸವನ್ನು ವಹಿಸಿಕೊಂಡನು. ಇವರಿಬ್ಬರೂ ನೀಲ್ ಎಂಬ ಇನ್ನೊಬ್ಬನೂ ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಇವರ ಬರಹದೊಡನೆ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಸಂಪುಟವಾಗಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುವು. ಬಿಜಾಪುರದ ಕಟ್ಟಡಗಳನ್ನು ಕುರಿತ ಸಂಪುಟವೂ ಅದೇ ವರ್ಷದ್ದು. ಕನ್ನಡದಲ್ಲಿ ದೇವಾಲಯಗಳ ಸಚಿತ್ರ ಚರಿತ್ರೆಯೊಂದನ್ನು ಯಾರೂ ಯೋಚಿಸಿರದ ಕಾಲದಲ್ಲಿ ಹಳೇಬೀಡಿನ ಶಿಲ್ಪವು ಲಂಡನ್ನಿನ ಮೇಜುಗಳ ಮೇಲೆ ತೆರೆದುಕೊಂಡಿತ್ತು.

ಆದರೆ ಆ ಸಂಪುಟಗಳಲ್ಲಿ ಘಟ್ಟದ ಕೆಳಗಿನ ನಾಡಿಗೆ ಸ್ಥಾನವಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಫರ್ಗುಸನ್ನನೇ 1876ರಲ್ಲಿ ಹೊರತಂದ ಭಾರತೀಯ ಹಾಗೂ ಪೌರಸ್ತ್ಯ ವಾಸ್ತುಶಿಲ್ಪದ ಇತಿಹಾಸ ಗ್ರಂಥ. ದಕ್ಷಿಣ ಭಾರತದ ಜೈನ ಶೈಲಿಯನ್ನು ವಿವರಿಸುವಲ್ಲಿ ಆತನು ಮೂಡುಬಿದಿರೆಯ ಬಸದಿ, ಅಲ್ಲಿನ ಕಂಬ, ಅಲ್ಲಿನ ಮುನಿಗಳ ಸಮಾಧಿಗಳು, ಗುರುವಾಯನಕೆರೆಯ ಮಂಟಪ ಮತ್ತು ಮಾನಸ್ತಂಭ, ವೇಣೂರಿನ ಗೊಮ್ಮಟ ಇವುಗಳ ಚಿತ್ರಗಳನ್ನು ಕೊಟ್ಟಿದ್ದಾನೆ. ಮೂಡುಬಿದಿರೆಯಿಂದ ವೇಣೂರಿಗೆ, ವೇಣೂರಿನಿಂದ ಗುರುವಾಯನಕೆರೆಗೆ ಇಂದು ಒಂದೇ ದಿನದಲ್ಲಿ ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದು. ಇಷ್ಟು ಕಿರಿದಾದ ಪ್ರದೇಶ ಅಂಥ ವಿಶ್ವವಿಖ್ಯಾತ ಗ್ರಂಥದಲ್ಲಿ ಇಷ್ಟು ಪುಟಗಳನ್ನು ಪಡೆದಿರುವುದು ಅಲ್ಪವಲ್ಲ. ಆದಕಾರಣ ಚಿತ್ರಗ್ರಂಥವನ್ನು ಓದುವ ಅಭ್ಯಾಸಕ್ಕೆ ಈ ಪುಟಗಳನ್ನೇ ಪಾಠವಾಗಿ ಇಟ್ಟುಕೊಳ್ಳಬಹುದು.

ಮೊದಲು ಗಮನಿಸತಕ್ಕದ್ದು ಚಿತ್ರದ ಜಾತಿ. ಈ ಚಿತ್ರಗಳ ಕೆಳಗೆ ‘ಛಾಯಾಚಿತ್ರದಿಂದ’ ಎಂದು ಅಚ್ಚಾಗಿದೆ. ಆದರೆ ಅವು ಛಾಯಾಚಿತ್ರಗಳಲ್ಲ. ಛಾಯಾಚಿತ್ರವನ್ನು ಅಕ್ಷರದೊಡನೆ ಒಂದೇ ಪುಟದಲ್ಲಿ ಅಚ್ಚೊತ್ತುವ ಹಾಫ್‌ಟೋನ್ ಬ್ಲಾಕಿನ ವಿಧಾನ ಆಗ ಬಳಕೆಗೆ ಬಂದಿರಲಿಲ್ಲ. ಕುಶಲಿಯಾದ ಕೆತ್ತನೆಗಾರನು ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಮರದ ಅಚ್ಚನ್ನು ಕೊರೆಯುತ್ತಿದ್ದನು. ಆದುದರಿಂದ ಅಲ್ಲಿ ಕಾಣುವುದು ಯಂತ್ರದ ಕಣ್ಣೂ ಹೌದು, ತುಳುನಾಡನ್ನು ಎಂದೂ ನೋಡಿರದವನ ಕೈಯೂ ಹೌದು. ಮಾಡಿನ ಅಂಚು, ಕಂಬದ ಸೂಕ್ಷ್ಮ ಕೆತ್ತನೆ, ಹಿನ್ನೆಲೆಯ ಮರ ಇವುಗಳಲ್ಲಿ ಎಷ್ಟು ಕ್ಯಾಮರಾ ಕಂಡದ್ದು, ಎಷ್ಟು ಉಳಿಯ ಮೊನೆ ಊಹಿಸಿದ್ದು ಎಂದು ಕೇಳುತ್ತ ನೋಡುವವನು ಈಗಾಗಲೇ ಒಳ್ಳೆಯ ಓದುಗನಾಗಿದ್ದಾನೆ. ಹಳಗನ್ನಡ ಕಾವ್ಯವನ್ನು ಸಂಪಾದಿಸುವವನು ಕವಿಯ ಮಾತಾವುದು, ಲಿಪಿಕಾರನ ಮಾತಾವುದು ಎಂದು ವಿವೇಚಿಸುವ ಕ್ರಮವೇ ಇದು.

ಎರಡನೆಯದು ಅಡಿಬರಹ. ಆ ಗ್ರಂಥದಲ್ಲಿ ಗುರುವಾಯನಕೆರೆಯು ‘ಗುರುಸಂಕೆರಿ’ ಎಂದೂ ವೇಣೂರು ‘ಯನ್ನೂರು’ ಎಂದೂ ಅಚ್ಚಾಗಿವೆ. ಚಿತ್ರ ಸರಿಯಿದ್ದರೂ ಹೆಸರು ಕೆಟ್ಟರೆ ಆಗುವ ಅನರ್ಥ ಸಣ್ಣದಲ್ಲ. ಗುರುಸಂಕೆರಿ ಎಂಬ ಊರನ್ನು ನಕ್ಷೆಯಲ್ಲಿ ಹುಡುಕುವ ದೂರದ ವಿದ್ಯಾರ್ಥಿಗೆ ಅದು ಎಲ್ಲಿಯೂ ಸಿಗದು. ಗುರುವಾಯನಕೆರೆಯ ಕೆರೆಯ ಬಳಿಯೇ ಬೆಳೆದ ಬಾಲಕನಿಗೆ ತನ್ನೂರಿನ ಸ್ತಂಭವು ಇಂಥ ಗ್ರಂಥದಲ್ಲಿದೆಯೆಂದು ತಿಳಿಯದು. ಇಬ್ಬರಿಗೂ ನಷ್ಟ. ಇಂಥ ಪುಸ್ತಕ ಕೈಗೆ ಬಂದಾಗ ಅದರ ಅಂಚಿನಲ್ಲಿ ಅಚ್ಚಿನ ಮೇಲೆ ಬರೆಯದೆ, ಬೇರೆ ಚೀಟಿಯಲ್ಲಿ ಸ್ಥಳೀಯ ಹೆಸರನ್ನು ಬರೆದು ಇಡುವ ಅಧ್ಯಾಪಕನು ಗ್ರಂಥದ ಬೆಲೆಯನ್ನು ಹೆಚ್ಚಿಸಿದಂತೆಯೇ ಸರಿ.

ಮೂರನೆಯದು ಎಲ್ಲಕ್ಕಿಂತ ರಸವತ್ತಾದುದು. ಮೂಡುಬಿದಿರೆಯ ಬಸದಿಗಳ ಇಳಿಜಾರಾದ, ಒಂದರ ಮೇಲೊಂದು ಬಂದ ಮಾಡುಗಳನ್ನು ನೋಡಿ ಫರ್ಗುಸನ್ನನಿಗೆ ನೇಪಾಳದ ನೆನಪಾಯಿತು. ಕೊಡಂಗಲ್ಲಿನಲ್ಲಿರುವ ಜೈನಮುನಿಗಳ ಸಮಾಧಿಗಳು, ಅಂತಸ್ತು ಅಂತಸ್ತಾಗಿ ಮೇಲೇರುತ್ತ ಕಿರಿದಾಗುವ ಆ ಕಟ್ಟಡಗಳು, ಈ ನೆನಪನ್ನು ಇನ್ನೂ ಬಲಪಡಿಸಿದುವು. ಹಿಮಾಲಯದ ತಪ್ಪಲಿಗೂ ಪಡುಗಡಲ ತೀರಕ್ಕೂ ಏನು ಸಂಬಂಧವಿದ್ದಿರಬಹುದೆಂದು ಆತನು ಬೆರಗಾದನು. ಚಿತ್ರವನ್ನು ಮಾತ್ರ ನೋಡಿದವನಿಗೆ ಈ ಬೆರಗು ಸಹಜವೇ. ಆಟಿ ತಿಂಗಳಿನಲ್ಲಿ ಒಮ್ಮೆ ಸಾವಿರಕಂಬದ ಬಸದಿಯ ಮೊಗಸಾಲೆಯಲ್ಲಿ ನಿಂತವನಿಗಾದರೋ ಆ ಮಾಡಿನ ಅರ್ಥ ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ದೇವರ ಮನೆಗೂ ಒಕ್ಕಲಿನ ಮನೆಗೂ ಮಾಡು ಇಳಿಜಾರಾಗಿರಲೇಬೇಕು. ಮರದಲ್ಲಿ ಕಟ್ಟಿ ಅಭ್ಯಾಸವಾದ ಕೈ ಕಲ್ಲಿನಲ್ಲಿಯೂ ಅದೇ ರೂಪವನ್ನು ತರುತ್ತದೆ. 1430ರಲ್ಲಿ ನಿರ್ಮಾಣಗೊಂಡ ಈ ತ್ರಿಭುವನತಿಲಕ ಚೂಡಾಮಣಿ ಬಸದಿಯ ಛಾಯಾಚಿತ್ರಗಳು ಬಹುಪಾಲು ಬಿಸಿಲಿನ ದಿನಗಳಲ್ಲಿ ತೆಗೆದುವು. ಮಳೆ ಇಲ್ಲದ ಚಿತ್ರ ಈ ಕಟ್ಟಡದ ಕಾರಣವನ್ನು ಹೇಳಲಾರದು. ಛಾಯಾಚಿತ್ರವು ಸುಳ್ಳಾಡದೆಯೂ ಅರ್ಧ ಹೇಳಿ ನಿಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದುದರಿಂದ ಚಿತ್ರಗ್ರಂಥವನ್ನು ಆಸ್ವಾದಿಸುವ ಕ್ರಮ ಹೀಗಿರಬೇಕೆಂದು ತೋರುತ್ತದೆ. ಪುಟಗಳನ್ನು ಸರಸರನೆ ಮಗುಚದೆ, ಮೊದಲು ಬರಹವನ್ನು ಓದದೆ, ಒಂದು ಚಿತ್ರವನ್ನೇ ಸಾವಧಾನವಾಗಿ ನೋಡಬೇಕು. ನೆರಳು ಯಾವ ಕಡೆಗೆ ಬಿದ್ದಿದೆ, ಅದು ಬೆಳಗಿನದೋ ಸಂಜೆಯದೋ, ಛಾಯಾಗ್ರಾಹಕನು ನೆಲದಲ್ಲಿ ನಿಂತಿದ್ದನೋ ಎತ್ತರದಲ್ಲಿದ್ದನೋ, ಮೂರ್ತಿಯ ಪಾದದ ಬಳಿ ಅಳತೆಗಾಗಿ ಯಾರನ್ನಾದರೂ ನಿಲ್ಲಿಸಿರುವನೋ ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನಲ್ಲಿ ನಿಲ್ಲಿಸಿದ ಗೊಮ್ಮಟನ ಎತ್ತರ ಸುಮಾರು 35 ಅಡಿ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠಾಪಿತನಾದ, ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಡೆದ ಗೊಮ್ಮಟನದು 39 ಅಡಿ. ಇವೆರಡರ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಯಾವುದು ದೊಡ್ಡದೆಂದು ಚಿತ್ರದಿಂದಲೇ ಹೇಳಲಾಗದು. ಬಳಿಯಲ್ಲಿ ಮನುಷ್ಯನೊಬ್ಬನಿದ್ದರೆ ಮಾತ್ರ ಸಾಧ್ಯ. ಇಷ್ಟಾದ ಮೇಲೆ ಅಡಿಬರಹ, ಅನಂತರ ಪೀಠಿಕೆ. ಆನಂದವರ್ಧನನು ಸಹೃದಯನೆಂದು ಕರೆದದ್ದು ಕಾವ್ಯದ ಓದುಗನನ್ನೇ ಆದರೂ, ಹೇಳದೆ ಉಳಿದುದನ್ನು ಗ್ರಹಿಸುವ ಆ ಗುಣ ಇಲ್ಲಿಯೂ ಬೇಕು.

ಪುಸ್ತಕವನ್ನು ಕೈಯಲ್ಲಿ ಹಿಡಿದು ಅದರ ಸ್ಥಳಕ್ಕೆ ಹೋಗಿ ಹೋಲಿಸುವುದು ಇನ್ನೂ ಶ್ರೇಷ್ಠವಾದ ಕ್ರಮ. ಹಂಪೆಯ ವಿಷಯದಲ್ಲಿ ಇದನ್ನು ವಿದ್ವಾಂಸರೇ ಮಾಡಿ ತೋರಿಸಿದ್ದಾರೆ. 1856ರಲ್ಲಿ ಗ್ರೀನ್‌ಲಾ ಎಂಬ ಅಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯನ್ನು ಸೆರೆಹಿಡಿದಿದ್ದನು. ಆ ನೆಗೆಟಿವ್‌ಗಳು 1980ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದಾಗ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕನು ಅವನು ನಿಂತಿದ್ದ ಜಾಗಗಳಲ್ಲಿಯೇ ನಿಂತು ಅದೇ ದೃಶ್ಯಗಳನ್ನು ತೆಗೆದನು. ಎರಡನ್ನೂ ಜೊತೆಗಿಟ್ಟಾಗ ಯಾವ ಗೋಪುರ ಕುಸಿಯಿತು, ಯಾವುದು ದುರಸ್ತಿಯಾಯಿತು ಎಂಬುದು ಕಣ್ಣಿಗೆ ಕಟ್ಟಿತು. ಮೂಡುಬಿದಿರೆ, ಗುರುವಾಯನಕೆರೆಗಳ ಹಳೆಯ ಚಿತ್ರಗಳನ್ನಿಟ್ಟುಕೊಂಡು ಪ್ರೌಢಶಾಲೆಯ ಮಕ್ಕಳೂ ಇಂಥ ಅಭ್ಯಾಸವನ್ನು ಒಂದು ದಿನದ ಪ್ರವಾಸದಲ್ಲಿ ನಡೆಸಬಹುದು. ಫರ್ಗುಸನ್ನನ ಗ್ರಂಥವು ಇಂದು ಅಂತರ್ಜಾಲದಲ್ಲಿ ನಿಶ್ಶುಲ್ಕವಾಗಿ ದೊರೆಯುವುದರಿಂದ ಧನಾಭಾವವು ಇದಕ್ಕೆ ಅಡ್ಡಿಯಾಗದು.

ಸ್ಥಳಕ್ಕೆ ಹೋದರೂ ಕಣ್ಣಿಗೆ ಸುಲಭವಾಗಿ ಸಿಗದ ವಸ್ತುಗಳುಂಟು. ಅಲ್ಲಿ ಛಾಯಾಚಿತ್ರ ಗ್ರಂಥದ ಉಪಕಾರ ಬೇರೊಂದು ತೆರನಾದುದು. ಧವಲ, ಜಯಧವಲ, ಮಹಾಧವಲಗಳೆಂಬ ಪ್ರಾಕೃತ ಸಿದ್ಧಾಂತಗ್ರಂಥಗಳ ಹಳಗನ್ನಡ ಲಿಪಿಯ ತಾಳೆಯೋಲೆಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದುವು. ಭಕ್ತರಿಗೆ ಅವುಗಳ ದರ್ಶನವಿತ್ತೇ ಹೊರತು ಓದಿನ ಅವಕಾಶವಿರಲಿಲ್ಲ. ಪ್ರತಿ ಮಾಡಿಕೊಳ್ಳುವ ಕಾರ್ಯ ಆರಂಭವಾದುದು 19ನೆಯ ಶತಮಾನದ ಕೊನೆಗೆ. ಈ ಓಲೆಗಳಲ್ಲಿ ಕೆಲವಕ್ಕೆ ಬಣ್ಣದ ಚಿತ್ರಗಳೂ ಇವೆ. ಹೊಯ್ಸಳರ ಕಾಲದ ಶಿಲ್ಪ ನಾಡಿನಲ್ಲೆಲ್ಲ ಹರಡಿದ್ದರೂ ಆ ಕಾಲದ ವರ್ಣಚಿತ್ರವೆಂದು ತೋರಿಸಲು ವಿದ್ವಾಂಸರು ಬೆರಳಿಡುವುದು 12ನೆಯ ಶತಮಾನದ ಈ ಅಂಗುಲಗಳಷ್ಟು ಅಗಲದ ಓಲೆಗಳ ಮೇಲೆಯೇ. ಸಿ. ಶಿವರಾಮಮೂರ್ತಿಯವರು ದಕ್ಷಿಣ ಭಾರತದ ವರ್ಣಚಿತ್ರಗಳನ್ನು ಕುರಿತು 1968ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವುಗಳನ್ನು ವಿವೇಚಿಸಿದ್ದಾರೆ. ಮೂಲದ ಓಲೆಯನ್ನು ಪ್ರತಿಯೊಬ್ಬನೂ ಮುಟ್ಟಿ ನೋಡುವಂತಾದರೆ ಅದು ಹತ್ತು ವರ್ಷ ಬಾಳದು. ಪುಸ್ತಕದ ಪುಟವಾದರೋ ನೂರಾರು ಕಣ್ಣುಗಳಿಗೆ ಒಡ್ಡಿಕೊಂಡೂ ಓಲೆಯನ್ನು ಕಾಪಾಡುತ್ತದೆ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಪ್ರಕಟವಾದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯನ್ನು ಜೊತೆಗಿಟ್ಟುಕೊಂಡರೆ ಆ ಭಂಡಾರಗಳ ವಿಸ್ತಾರವೂ ಮನವರಿಕೆಯಾಗುತ್ತದೆ.

ಛಾಯಾಚಿತ್ರ ಗ್ರಂಥಗಳಲ್ಲಿ ಮೆಚ್ಚತಕ್ಕವುಗಳಂತೆ ಎಚ್ಚರಿಕೆಯಿಂದ ಓದತಕ್ಕವೂ ಇವೆ. ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಇವರು 1909ರಲ್ಲಿ 7 ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕೋಶದಲ್ಲಿ ತುಳುನಾಡಿನ ದೈವನರ್ತಕರ ಛಾಯಾಚಿತ್ರಗಳಿವೆ. ಮುಖವರ್ಣಿಕೆ, ಅಣಿ, ಆಭರಣ ಇವುಗಳ ಅಧ್ಯಯನಕ್ಕೆ ಅವು ಅಮೂಲ್ಯ. ಆದರೆ ಅಡಿಬರಹದಲ್ಲಿರುವುದು ಜಾತಿಯ ಹೆಸರು, ಅದರ ಮುಂದೆ ಪಾಶ್ಚಾತ್ಯರು ಕೊಟ್ಟ ‘ಪಿಶಾಚನರ್ತಕ’ ಎಂಬ ಅಗೌರವದ ಮಾತು. ಕ್ಯಾಮರಾದ ಮುಂದೆ ನಿಂತವನ ಹೆಸರೇನು, ಅವನು ಕಟ್ಟಿದ ದೈವ ಯಾವುದು, ಊರು ಯಾವುದು ಎಂಬುದಿಲ್ಲ. ಕಂಬಕ್ಕೆ ಊರಿನ ಹೆಸರು ತಪ್ಪಾಗಿಯಾದರೂ ದೊರೆಯಿತು. ಮನುಷ್ಯನಿಗೆ ಅದೂ ದೊರೆಯಲಿಲ್ಲ. ಇಂಥ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ ಈ ಮಾತನ್ನು ಹೇಳದೆ ಪುಟ ಮಗುಚಬಾರದು.

ಇನ್ನು ಸಂಗ್ರಹದ ವಿಚಾರ. ಎಲ್ಲವನ್ನೂ ಕೂಡಿಸಹೊರಟವನ ಮನೆ ತುಂಬುತ್ತದೆ, ಸಂಗ್ರಹ ರೂಪುಗೊಳ್ಳುವುದಿಲ್ಲ. ಬಸದಿಗಳು, ಯಕ್ಷಗಾನ, ಪಶ್ಚಿಮಘಟ್ಟದ ಪಕ್ಷಿಗಳು, ಹೀಗೆ ಒಂದು ವಿಷಯವನ್ನು ಆರಿಸಿಕೊಳ್ಳುವುದು ಮೇಲು. ಬೆಲೆಬಾಳುವ ವಿದೇಶೀ ಸಂಪುಟಗಳೇ ಆಗಬೇಕೆಂಬ ನಿಯಮವಿಲ್ಲ. ಮೈಸೂರು ಪುರಾತತ್ತ್ವ ಇಲಾಖೆಗಾಗಿ ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಬಗ್ಗೆ 1917ರಲ್ಲಿಯೂ ಬೇಲೂರು ಮತ್ತು ದೊಡ್ಡಗದ್ದವಳ್ಳಿಗಳ ಬಗ್ಗೆ 1919ರಲ್ಲಿಯೂ ಹೊರತಂದ ಪುಸ್ತಕಗಳು ತೆಳುವಾದರೂ ಚಿತ್ರಗಳ ಆಯ್ಕೆಯಲ್ಲಿ ಆದರ್ಶಪ್ರಾಯವಾದುವು. ಪುತ್ತೂರಿನಲ್ಲಿದ್ದುಕೊಂಡು ಶಿವರಾಮ ಕಾರಂತರು 3 ಸಂಪುಟಗಳ ಸಚಿತ್ರ ‘ಬಾಲಪ್ರಪಂಚ’ವನ್ನು ರಚಿಸಿದರು, ಚಿತ್ರವಿಲ್ಲದೆ ಜ್ಞಾನವನ್ನು ಮಕ್ಕಳಿಗೆ ಒಯ್ಯಲಾಗದೆಂದು ಕಂಡವರು ಅವರು. ಚಾರ್ಮಾಡಿ ಘಟ್ಟವನ್ನೇರಿದರೆ ಸಿಗುವ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮರಾ ಹಿಡಿದು ಹಕ್ಕಿಗಳ ಹಿಂದೆ ವರ್ಷಗಟ್ಟಲೆ ಅಲೆದುದು ಕನ್ನಡಿಗರಿಗೆಲ್ಲ ತಿಳಿದಿದೆ. ಹಣವೇ ಇಲ್ಲದವನು ‘ಸುಧಾ’, ‘ತರಂಗ’ಗಳ ಹಳೆಯ ಸಂಚಿಕೆಗಳನ್ನು ವರ್ಷವಾರು ರಟ್ಟು ಕಟ್ಟಿಸಿ ಇಟ್ಟರೂ ಅದು ಉತ್ತಮ ಛಾಯಾಚಿತ್ರ ಸಂಗ್ರಹವೇ. ಇಲ್ಲಿ ಅಧ್ಯಾಪಕವರ್ಗಕ್ಕೆ ಒಂದು ವಿಜ್ಞಾಪನೆ: ಚಾರ್ಟು ಮಾಡಿಸುವ ನೆಪದಲ್ಲಿ ಮಕ್ಕಳ ಕೈಗೆ ಕತ್ತರಿಯೊಡನೆ ಹಳೆಯ ಪುಸ್ತಕಗಳನ್ನು ಕೊಡುವ ಪದ್ಧತಿ ನಿಂತರೆ ಅನೇಕ ಗ್ರಂಥಗಳು ಬದುಕಿಕೊಳ್ಳುತ್ತವೆ.

ರಕ್ಷಣೆಯಲ್ಲಿ ಕರಾವಳಿಯ ಮಳೆಗಾಲವೇ ಮೊದಲ ಶತ್ರು. ಛಾಯಾಚಿತ್ರ ಗ್ರಂಥಗಳಿಗೆ ಬಳಸುವ ಆರ್ಟ್ ಪೇಪರಿನ ಹೊಳಪು ಬಿಳಿಯ ಜೇಡಿಯ ಲೇಪದಿಂದ ಬಂದದ್ದು. ಅದು ನೆನೆದು ಒಣಗಿದರೆ ಪುಟಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತವೆ. ಬಿಡಿಸಹೋದರೆ ಚಿತ್ರವೇ ಕಿತ್ತುಬರುತ್ತದೆ. ಆದುದರಿಂದ ಪುಸ್ತಕ ನೆನೆದರೆ ಒಣಗುವುದಕ್ಕೆ ಮೊದಲೇ ಪುಟಪುಟದ ನಡುವೆ ಒತ್ತುಕಾಗದವನ್ನಿಟ್ಟು ಫ್ಯಾನಿನ ಗಾಳಿಗೆ ಆರಿಸಬೇಕು, ಎಳೆಬಿಸಿಲಿಗೂ ಹಿಡಿಯಬಾರದು. ತಾಳೆಯೋಲೆಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವ ಪದ್ಧತಿಯುಂಟೆಂದು ಅದನ್ನು ಚಿತ್ರದ ಪುಟಕ್ಕೂ ಸವರಿದರೆ ಕಲೆ ಶಾಶ್ವತವಾಗುತ್ತದೆ. ಒಣಗಿದ ಬಜೆಯ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಕಪಾಟಿನ ಮೂಲೆಯಲ್ಲಿಡುವುದು ಮಾತ್ರ ಎರಡಕ್ಕೂ ಹೊಂದುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಒಳಗಿನ ತೇವವೇ ಬೂಷ್ಟಾಗುತ್ತದೆ. ನೇತ್ರಾವತಿಯ ದಡದ ಬಂಟ್ವಾಳವು 1923 ಮತ್ತು 1974ರ ನೆರೆಗಳಲ್ಲಿ ಮುಳುಗಿದ್ದನ್ನು ನೆನೆದರೆ, ಕೆಳಗಣ ಅಂಕಣದ ಕಪಾಟಿನ ಕೆಳಗಣ ಹಲಗೆ ಚಿತ್ರಗ್ರಂಥಕ್ಕೆ ತಕ್ಕ ಸ್ಥಾನವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಹಿರಿಯರು ಈ ವಿಷಯದಲ್ಲಿ ಪಂಚಾಂಗವನ್ನೇ ಸಹಾಯಕ್ಕೆ ತಂದುಕೊಂಡಿದ್ದರು. ಜೈನರ ಶ್ರುತಪಂಚಮಿ ಜ್ಯೇಷ್ಠಮಾಸದಲ್ಲಿ, ಮಳೆಗಾಲದ ಹೊಸ್ತಿಲಿನಲ್ಲಿ ಬರುತ್ತದೆ. ಯಾವ ಸಿದ್ಧಾಂತದ ವ್ಯಾಖ್ಯಾನಗಳನ್ನು ಮೂಡುಬಿದಿರೆ ಕಾಪಾಡಿತೋ ಆ ಷಟ್ಖಂಡಾಗಮವು ಪೂರ್ಣಗೊಂಡ ದಿನವೆಂದು ಅಂದು ಗ್ರಂಥಗಳನ್ನು ಹೊರತೆಗೆದು, ಒರೆಸಿ, ಪೂಜಿಸುತ್ತಾರೆ. ನವರಾತ್ರಿಯ ಶಾರದಾಪೂಜೆ ಮಳೆ ಹಿಂಜರಿಯುವ ಕಾಲದ್ದು. ಈ ಎರಡು ಸಂದರ್ಭಗಳಲ್ಲಿ ಗ್ರಂಥಾಲಯದ ಚಿತ್ರಸಂಪುಟಗಳನ್ನೆಲ್ಲ ನೆರಳಿನ ಗಾಳಿಯಲ್ಲಿ ತೆರೆದಿಟ್ಟು, ಅಂದೇ ವಿದ್ಯಾರ್ಥಿಗಳಿಗೂ ಊರವರಿಗೂ ತೋರಿಸಿದರೆ ರಕ್ಷಣೆಯೂ ಆಸ್ವಾದನೆಯೂ ಒಂದೇ ಕೆಲಸದಲ್ಲಿ ನೆರವೇರುತ್ತವೆ.

ಯಾವ ವಿದ್ಯಾಸಂಸ್ಥೆಯಲ್ಲಿಯೂ ಒಂದು ಛಾಯಾಚಿತ್ರ ಗ್ರಂಥ ಇದ್ದೇ ಇರುತ್ತದೆ. ಅದು ಆ ಸಂಸ್ಥೆಯ ಹಳೆಯ ಸ್ಮರಣಸಂಚಿಕೆಗಳ ಸಾಲು. ಅವುಗಳಲ್ಲಿನ ಸಮೂಹಚಿತ್ರಗಳ ಕೆಳಗೆ ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಅಧ್ಯಾಪಕರ ಮತ್ತು ಆಡಳಿತವರ್ಗದವರ ಹೆಸರುಗಳು ಕ್ರಮವಾಗಿ ಇರುತ್ತವೆ. ಹಿಂದಿನ ಸಾಲಿನ ಹುಡುಗರು ‘ನಿಂತವರು, ವಿದ್ಯಾರ್ಥಿಗಳು’ ಎಂಬ ಒಂದೇ ಮಾತಿನಲ್ಲಿ ಮುಗಿದಿರುತ್ತಾರೆ. ಗಂಟೆ ಬಾರಿಸುತ್ತಿದ್ದ ಜವಾನನು ಚಿತ್ರದ ಅಂಚಿನಲ್ಲಿ ನಿಂತಿದ್ದರೂ ಅಡಿಬರಹದಲ್ಲಿ ಇರುವುದಿಲ್ಲ. ಥರ್ಸ್ಟನ್ನನ ಸಂಪುಟಗಳಲ್ಲಿ ಆದ ಲೋಪವೇ ಇಲ್ಲಿಯೂ ಆಗಿದೆ. ವ್ಯತ್ಯಾಸವಿಷ್ಟೆ: ಅಲ್ಲಿನ ಹೆಸರುಗಳನ್ನು ಈಗ ಹೇಳಬಲ್ಲವರಿಲ್ಲ, 1960ರ, 1970ರ ದಶಕಗಳ ಈ ಚಿತ್ರಗಳಲ್ಲಿರುವವರನ್ನು ಗುರುತಿಸಬಲ್ಲ ಹಳೆಯ ವಿದ್ಯಾರ್ಥಿಗಳು ಇನ್ನೂ ಇದ್ದಾರೆ, ಆದರೆ ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ.

ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ದಿನ ಇದಕ್ಕೆ ಅರ್ಧ ತಾಸನ್ನು ಮೀಸಲಿಟ್ಟರೆ ಸಾಕು. ಸಮೂಹಚಿತ್ರದ ಮೇಲೆ ತೆಳುವಾದ ಟ್ರೇಸಿಂಗ್ ಕಾಗದವನ್ನಿಟ್ಟು, ಒತ್ತದೆ, ತಲೆಗಳ ಆಕಾರವನ್ನು ಮಾತ್ರ ಮೆದು ಪೆನ್ಸಿಲಿನಿಂದ ಎಳೆದುಕೊಳ್ಳಬೇಕು. ಒಂದೊಂದು ತಲೆಗೂ ಒಂದು ಅಂಕಿ. ಬೇರೊಂದು ಹಾಳೆಯಲ್ಲಿ ಅಂಕಿಯ ಎದುರಿಗೆ ಹೆಸರು, ಊರು, ಗುರುತಿಸಿದವರ ಹೆಸರು, ದಿನಾಂಕ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆದುಕೊಳ್ಳಬೇಕು. ಚಿತ್ರದ ಬೆನ್ನಿನಲ್ಲಿ ಬಾಲ್‌ಪೆನ್ನಿನಿಂದ ಬರೆಯಕೂಡದು. ಅದರ ಒತ್ತು ಮುಂಭಾಗದಲ್ಲಿ ಮೂಡುತ್ತದೆ. ಹಾಳೆಯನ್ನು ಆ ವರ್ಷದ ಸಂಚಿಕೆಯೊಳಗೇ ಇಟ್ಟು, ಅದರ ಒಂದು ಪ್ರತಿಯನ್ನು ಕಚೇರಿಯ ಕಡತದಲ್ಲಿ ಸೇರಿಸಬೇಕು. ಜವಾನನ ತಲೆಗೂ ಅಂಕಿ ಹಾಕಬೇಕು.